ಹಣ್ಣು ಹುಳು ಆರಿಸಲು ಬಂದವನು

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ನಗು. ನಮ್ಮೂರಿನಲ್ಲಿ ಯಾವ ಹೆಂಗಸಿಗಾದರೂ ಮೈಮೇಲೆ ಬಂದಿದೆ ಅಂದರೆ, ಅವಳಿಗೆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಾ, ಗಂಡ ಕುಡಿದು ಹೊಡೆಯುತ್ತಾನಾ ಎಂದು ಮೊದಲು ಕೇಳುತ್ತಿದ್ದವಳು ನಾನು. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತಿತ್ತು. ಚನ್ನಪಟ್ಟಣದಲ್ಲಿ ಬಿ.ಎ. ಓದಿದವಳು, ಬೆಳಿಗ್ಗೆ ಪೇಪರ್ ನೋಡದೆ ಕಾಫಿ ಮುಟ್ಟದವಳು, ಬಾಯಿ ಸ್ವಲ್ಪ ಜೋರು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ‘ಸುಮ್ನೆ ಕೆಲ್ಸ ನೋಡಪ್ಪ’ ಎಂದು ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ. ನಮ್ಮ ಯಜಮಾನರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿ ಬರೆ ಅಂದರು, ಬದಲಿಸಿದ್ದೇನೆ. ಊರು ಕೂಟಗಲ್ ಕಡೆಯದು ಅಂತ ಇಟ್ಟುಕೊಳ್ಳಿ, ಸಾಕು.

ನಮ್ಮದು ರೇಷ್ಮೆ ಬೆಳೆಯುವ ಮನೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಮನೆಗೂ ತೋಟಕ್ಕೂ ನಡುವೆ ಹುಳು ಸಾಕುವ ಪ್ರತ್ಯೇಕ ಕಟ್ಟಡ. ಅದನ್ನು ಹುಳುಮನೆ ಅನ್ನುತ್ತೇವೆ. ಆಗ ಮನೆಯಲ್ಲಿ ಇದ್ದವರು ನಮ್ಮತ್ತೆ ಕೆಂಪಮ್ಮ, ನಮ್ಮ ಯಜಮಾನರು ಶಿವಣ್ಣ, ನಾನು ಮತ್ತು ನನ್ನ ಮೈದುನ ಲೋಕೇಶ. ಅತ್ತೆಗೆ ಲೋಕಿ ಎಂದರೆ ಜೀವ. ನನಗೂ ಅಷ್ಟೇ. ನಾನು ಪೇಪರ್ ಹಿಡಿದು ಕೂತರೆ ಹಿಂದಿನಿಂದ ಬಂದು ಕಿತ್ತುಕೊಂಡು ಓಡುತ್ತಿದ್ದ. ‘ಪೇಪರ್ ಅತ್ಗೆ’ ಎಂದು ನನಗೆ ಹೆಸರಿಟ್ಟಿದ್ದ. ಆ ಹೆಸರು ಮನೆಯ ಹೊಸಿಲು ದಾಟಿರಲಿಲ್ಲ. ಹೊರಗೆ ಹೇಳಿದರೆ ಊರೆಲ್ಲ ಹಾಗೇ ಕರೆಯುತ್ತೆ, ನಾಲಿಗೆ ಕಿತ್ತುಬಿಡ್ತೀನಿ ಎಂದು ನಾನೇ ಹೆದರಿಸಿದ್ದೆ.

ಬಿಡದಿ ಕಡೆ ಕಾರ್ಖಾನೆಗಳು ಬೆಳೆದ ಮೇಲೆ ನಮ್ಮ ಕಡೆಯ ನೆಲಕ್ಕೂ ಬೆಲೆ ಬಂತು. ಯಜಮಾನರ ದೊಡ್ಡಪ್ಪನ ಮಗ ಪುಟ್ಟರಾಜು ರಸ್ತೆ ಬದಿಯ ಜಮೀನನ್ನು ಲೇಔಟ್ ಮಾಡುವವರಿಗೆ ಕೊಡಲು ಹೊರಟ. ಅದರಲ್ಲಿ ನಮ್ಮ ಪಾಲೂ ಇತ್ತು. ಲೋಕಿ ಸಹಿ ಹಾಕಲ್ಲ ಅಂದ. ಒಂದು ಸಂಜೆ ಮಾಗಡಿ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದವನನ್ನು ಯಾರೋ ಹಿಂದಿನಿಂದ ಬಂದು ಮಚ್ಚಿನಿಂದ ಹೊಡೆದು ಕೊಂದು ಹೋದರು. ಸುಪಾರಿ ಕೊಟ್ಟವನು ಪುಟ್ಟರಾಜು ಎಂದು ಊರಿನ ನಾಯಿಗೂ ಗೊತ್ತಿತ್ತು. ಆದರೆ ಹೊಡೆದವನು ಯಾರೆಂದು ಗೊತ್ತಾಗಲಿಲ್ಲ, ನೋಡಿದವರು ಕೋರ್ಟಿನಲ್ಲಿ ನೋಡಿಲ್ಲ ಅಂದರು, ಕೇಸು ಬಿದ್ದುಹೋಯಿತು. ಪುಟ್ಟರಾಜು ರಾಮನಗರದಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದ. ಕಾರ್ಡು ನಮಗೂ ಬಂತು.

ಅಂದಿನಿಂದ ನಮ್ಮ ಯಜಮಾನರು ಮಾತು ಕಡಿಮೆ ಮಾಡಿದರು. ಕುಡಿಯಲಿಲ್ಲ, ಕೂಗಾಡಲಿಲ್ಲ. ತೋಟದ ಕೆಲಸ ಮಾಡುತ್ತಿದ್ದರು, ಉಣ್ಣುತ್ತಿದ್ದರು, ಗೋಡೆ ನೋಡುತ್ತಾ ಮಲಗುತ್ತಿದ್ದರು. ದುಃಖ, ದಿನ ಕಳೆದಂತೆ ಸರಿಹೋಗುತ್ತಾರೆ ಎಂದುಕೊಂಡೆ. ಒಳಗೆ ಏನು ಬೇಯುತ್ತಿದೆ ಎಂದು ನನಗೆ ತಿಳಿಯಲೇ ಇಲ್ಲ.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಳುಮನೆಯ ಮಡಿ ದೇವಸ್ಥಾನಕ್ಕೂ ಇಲ್ಲ. ಹೊರಗಿನವರು ಬರುವ ಹಾಗಿಲ್ಲ, ಸೂತಕದವರು ಬಾಗಿಲಿಗೂ ಸುಳಿಯುವ ಹಾಗಿಲ್ಲ. ಆದರೆ ಹುಳು ಹಣ್ಣಾದ ದಿನ ಈ ಕಟ್ಟಳೆಯೆಲ್ಲ ತಲೆಕೆಳಗು. ಮೇವು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ತಯಾರಾದ ಹುಳುವನ್ನು ಹಣ್ಣು ಹುಳು ಅನ್ನುತ್ತೇವೆ. ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಚಾಪೆ, ಮೇಲೆ ಬಿದಿರಿನ ಪಟ್ಟಿಯ ಸುರುಳಿ. ತಡ ಮಾಡಿದರೆ ಹುಳು ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅಂಥ ದಿನ ಮನೆಯವರು ಹುಳುಮನೆ ಬಿಟ್ಟು ಕದಲುವುದಿಲ್ಲ, ಕೈ ಕಾಲು ನೆಟ್ಟಗಿರುವ ಯಾರು ಬಾಗಿಲಿಗೆ ಬಂದರೂ ಕಾಲು ತೊಳೆಸಿ ಒಳಗೆ ಕೂರಿಸಿಕೊಳ್ಳುತ್ತೇವೆ. ಮಧ್ಯಾಹ್ನ ಊಟ ಹಾಕುತ್ತೇವೆ.

ಲೋಕಿ ಹೋದ ಮೇಲೆ ಒಂದು ಬೆಳೆಯಲ್ಲಿ ಹುಳು ನಾವು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ಹಣ್ಣಾದವು. ಬೆಳಿಗ್ಗೆಯಿಂದಲೇ ಗಡಿಬಿಡಿ. ಯಜಮಾನರು ಫೋನನ್ನು ಎಲ್ಲೋ ಇಟ್ಟು ಚಂದ್ರಿಕೆ ಹೊರುತ್ತಿದ್ದರು. ಪಕ್ಕದ ಊರಿನಿಂದ ಒಬ್ಬ ಆಳು ಬರುವುದಿತ್ತು. ಬಿಸಿಲೇರುವ ಹೊತ್ತಿಗೆ ಒಬ್ಬ ಗಂಡಸು ಅಂಗಳಕ್ಕೆ ಬಂದು ‘ಶಿವಣ್ಣ ಅವ್ರಾ?’ ಎಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಗೆ ವಾಚು. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

‘ಆಳು ಅಂದ್ರೆ ಮದ್ವೆ ಮನೇಗ್ ಬಂದಂಗ್ ಬಂದಿದ್ದೀಯಲ್ಲೋ’ ಅಂದರು. ‘ಸರಿ ಬುಡು. ಚಪ್ಲಿ ಅಲ್ಲೇ ಬುಟ್ಟು, ಕಾಲ್ ತೊಳ್ಕಂಡು ಒಳೀಕ್ ಬಾ.’

ಅವನು ಏನೋ ಹೇಳಲು ಬಾಯಿ ತೆಗೆದ. ನಮ್ಮತ್ತೆಯ ಮುಂದೆ ಬಾಯಿ ತೆಗೆದು ಗೆದ್ದವರಿಲ್ಲ. ಕಾಲು ತೊಳೆದು, ಬಾಗಿಲಲ್ಲಿ ಇಟ್ಟಿದ್ದ ಸುಣ್ಣದ ಪುಡಿ ತುಳಿದು ಒಳಗೆ ಬಂದು ನಮ್ಮ ಜೊತೆ ಕೂತ. ಮನೆಯೊಳಗೆ ಅವನು ಕಾಲಿಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ ಎಂದು ಕೇಳುತ್ತೇನೆ, ಯಾಕೆಂದರೆ ಹಾರ ಹಾಕಿದ ಲೋಕಿಯ ಫೋಟೊ ಇದ್ದದ್ದು ಮನೆಯೊಳಗೆ, ಹುಳುಮನೆಯಲ್ಲಲ್ಲ.

ಚಂದ್ರಿಕೆ ಹೊತ್ತುಕೊಂಡು ಒಳಗೆ ಬಂದ ಯಜಮಾನರು ಅವನನ್ನು ನೋಡಿ, ಯಾರು ಎಂದು ಕೇಳಿ, ಅವನು ಹೆಸರು ಹೇಳಿದ ಕೂಡಲೇ ಚಂದ್ರಿಕೆ ಅಲ್ಲೇ ಇಳಿಸಿದರು. ನನಗೆ ಕಣ್ಸನ್ನೆ ಮಾಡಿ ದನದ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು.

‘ಅವ್ನು ಆಳಲ್ಲ’ ಅಂದರು. ‘ಪುಟ್ಟರಾಜುನ ಕೆಲ್ಸಕ್ಕೆ ನಾನು ಕರ್ಸಿರೋನು. ಬಸ್‌ಸ್ಟಾಪಲ್ಲಿ ಸಿಗು ಅಂದಿದ್ದೆ. ನಾನು ಹೋಗ್ನಿಲ್ಲ ಅಂತ ಕೇಳ್ಕಂಡು ಮನೇಗೇ ಬಂದ್ಬುಟ್ಟವ್ನೆ.’

ಚನ್ನಪಟ್ಟಣದ ಕಡೆಯ ಯಾವನೋ ಮಧ್ಯವರ್ತಿ ಹೊಂದಿಸಿಕೊಟ್ಟಿದ್ದನಂತೆ. ಆ ದಿನ ಪುಟ್ಟರಾಜುವನ್ನು ದೂರದಿಂದ ತೋರಿಸುವುದು ಎಂದಾಗಿತ್ತಂತೆ. ಪುಟ್ಟರಾಜು ಸತ್ತರೆ ನನಗೆ ಒಂದು ಹನಿ ಕಣ್ಣೀರೂ ಬರುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೇ. ಒಬ್ಬ ಮಗ ಮಣ್ಣಿಗೆ ಹೋದ, ಇನ್ನೊಬ್ಬ ಜೈಲಿಗೆ ಹೋದರೆ ಆ ಮುದುಕಿ ಉಳಿಯುತ್ತಾಳಾ? ನಾನು ಉಳಿಯುತ್ತೇನಾ?

‘ನಿಮ್ಗೆ ತಲೆ ನೆಟ್ಟಗಿದ್ಯಾ?’ ಅಂದೆ. ‘ಈಗ್ಲೇ ವಾಪಸ್ ಕಳ್ಸಿ.’

‘ನೀನು ಹುಳಾ ನೋಡೋಗು’ ಅಂದರು. ಮುಖ ಕಲ್ಲಾಗಿತ್ತು. ಮಧ್ಯಾಹ್ನ ಊಟದ ನೆಪದಲ್ಲಿ ಅವನನ್ನು ಹೊರಗೆ ಕರೆದುಕೊಂಡು ಹೋಗುವುದೆಂದು ನಿರ್ಧರಿಸಿಯಾಗಿತ್ತು. ನಾನು ಹುಳುಮನೆಗೆ ವಾಪಸ್ಸು ಬಂದು ಅವನ ಪಕ್ಕದಲ್ಲೇ ಕೂತೆ. ಎಲ್ಲಿಗೂ ಹೋಗದ ಹಾಗೆ ಕಾಯುವುದು ನನ್ನ ಲೆಕ್ಕಾಚಾರ.

ಅವನಿಗೆ ಕೆಲಸ ಬರುತ್ತಿರಲಿಲ್ಲ. ಹುಳು ಮುಟ್ಟಲು ಅಸಹ್ಯಪಡುತ್ತಿದ್ದ, ಹಣ್ಣಿಗೂ ಕಾಯಿಗೂ ವ್ಯತ್ಯಾಸ ತಿಳಿಯದೆ ಬೆರಳ ತುದಿಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದ. ಇಂಥವನು ಮನುಷ್ಯರನ್ನು ಕೊಲ್ಲುತ್ತಾನೆ, ಹುಳು ಮುಟ್ಟಲು ಅಂಜುತ್ತಾನೆ ಎಂದು ಒಳಗೇ ಕುದಿಯುತ್ತಿದ್ದೆ. ಸ್ವಲ್ಪ ಹೊತ್ತು ಹಾಗೇ ನಡೆಯಿತು. ಆಮೇಲೆ ಅವನ ಕೈ ಚುರುಕಾಯಿತು. ಕಲಿತುಕೊಂಡ ಎಂದುಕೊಂಡೆ.

ನಾವೆಲ್ಲ ಚಂದ್ರಿಕೆಯ ಅಂಚಿನಿಂದ ಒಳಕ್ಕೆ ಹುಳು ಬಿಡುತ್ತಾ ಹೋಗುತ್ತೇವೆ. ಅವನು ಸುರುಳಿಯ ನಡುವಿನಿಂದ ಶುರುಮಾಡಿ ಹೊರಗೆ ಬರುತ್ತಿದ್ದ. ಹುಳುವನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಒಂದು ಸಲ ಊದಿ, ಬಿಡುವಾಗ ಬಾಯಲ್ಲಿ ಏನೋ ಅನ್ನುತ್ತಿದ್ದ. ಕಿವಿಗೊಟ್ಟೆ. ‘ಹೋಗಮ್ಮ, ಮನೆ ಕಟ್ಕೊ’ ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಹಾಗೆ ಎಡಗೈಯಲ್ಲಿ ಎತ್ತಿ ನಡುವಿನಿಂದ ಬಿಡುತ್ತಿದ್ದವನು, ಪ್ರತಿ ಹುಳುವಿಗೂ ಹಾಗೆ ಹೇಳಿ ನಮ್ಮಿಂದ ಬೈಸಿಕೊಳ್ಳುತ್ತಿದ್ದವನು ಒಬ್ಬನೇ.

ನಾನು ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದೆ. ಅವನು ತಲೆಯೆತ್ತದೆ, ‘ಪೇಪರ್ ಅತ್ಗೆ, ಒಸಿ ಸರ್ಕೊ, ಬೆಳ್ಕು ಬತ್ತಾ ಇಲ್ಲ’ ಅಂದ.

ದನಿ ಅವನದೇ. ಲೋಕಿಯದಲ್ಲ. ಕಣ್ಣು ಮೇಲೆ ಹೋಗಲಿಲ್ಲ, ಮೈ ನಡುಗಲಿಲ್ಲ, ಮೈಮೇಲೆ ಬಂದವರು ಮಾಡುವ ಯಾವ ಕುಣಿತವೂ ಇರಲಿಲ್ಲ. ದಿನಾ ಹೇಳುವ ಮಾತನ್ನು ಹೇಳುವ ಹಾಗೆ ಹೇಳಿದ. ನಾನು ಸರಿದು ಕೂತೆ. ಈಗ ನೆನೆದರೆ ಅದೇ ವಿಚಿತ್ರ ಅನ್ನಿಸುತ್ತದೆ, ಕೂಗಲಿಲ್ಲ, ಏಳಲಿಲ್ಲ, ಹೇಳಿದ ಹಾಗೆ ಸರಿದೆ.

ಅತ್ತೆಯ ಕಿವಿಗೆ ಅದು ಬಿದ್ದಿತ್ತು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ‘ಯಾರ್ಲಾ ನೀನು?’ ಅಂದರು.

‘ನಾನು ಕಣವ್ವ.’

‘ನಾನು ಅಂದ್ರೆ?’

‘ಲೋಕಿ ಕಣವ್ವ.’

ಅತ್ತೆ ಅವನ ಎದುರಿಗೆ ಬಂದು ಕೂತರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಮಗ ಸಂತೆಯಿಂದ ತಡವಾಗಿ ಬಂದರೆ ಕೇಳುವ ಹಾಗೆ ಕೇಳಿದರು. ‘ಯಾಕ್ಲಾ ಮಗ, ಅವತ್ತು ಮನೇಗ್ ಬರ್ನಿಲ್ಲ? ಉಣ್ಣಾಕ್ ಎತ್ತಿಕ್ಕಂಡು ಕೂತಿದ್ನಲ್ಲೋ.’

‘ಬತ್ತಾ ಇದ್ದೆ ಕಣವ್ವ. ಇವ್ನು ಬುಡ್ನಿಲ್ಲ.’ ಹಾಗೆ ಹೇಳುತ್ತಾ ಅವನು ತನ್ನ ಎದೆಯನ್ನೇ ಬೆರಳಿನಿಂದ ಕುಟ್ಟಿಕೊಂಡ. ‘ಹಿಂದ್ಲಿಂದ ಬಂದು ಹೊಡ್ದ. ಇವ್ನ ಮೊಕ ನೋಡಕ್ಕೂ ಆಗ್ನಿಲ್ಲ.’

ಬಾಗಿಲಲ್ಲಿ ಚಂದ್ರಿಕೆ ಬಿದ್ದ ಸದ್ದಾಯಿತು. ಯಜಮಾನರು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ಮುಖವೇ ಹೇಳುತ್ತಿತ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ, ತಮ್ಮನ ಸಾವಿನ ಸೇಡಿಗೆ ತಮ್ಮನನ್ನು ಕೊಂದವನನ್ನೇ ಹುಡುಕಿ ಕರೆತಂದಿದ್ದರು. ಇಂಥ ಕೆಲಸ ಮಾಡುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು? ಆ ಮಧ್ಯವರ್ತಿಗೆ ದುಡ್ಡು ಯಾರ ಕಡೆಯಿಂದ ಬಂದರೇನು. ಗೋಡೆಗೆ ಸಿಕ್ಕಿಸಿದ್ದ ಸೊಪ್ಪು ಕೊಯ್ಯುವ ಕುಡುಗೋಲು ಅವರ ಕೈಗೆ ಬಂದದ್ದು ನನಗೆ ಕಾಣಲೂ ಇಲ್ಲ.

ಅತ್ತೆ ಎದ್ದು ಇಬ್ಬರ ನಡುವೆ ನಿಂತರು.

‘ಅವ್ವ, ಪಕ್ಕಕ್ ಬಾ.’

‘ಬರಾಕಿಲ್ಲ.’

‘ಇವ್ನೇ ಅಂತ ಅವ್ನ ಬಾಯೇ ಹೇಳ್ತಾ ಐತಲ್ಲವ್ವ.’

‘ಯೋಳ್ದೋನ್ ಯಾರ್ಲಾ? ನಿನ್ ತಮ್ಮ ತಾನೆ?’ ಅಂದರು ಅತ್ತೆ. ‘ಇವ್ನ ಕಡುದ್ರೆ ಅವ್ನು ಎಲ್ಗೋಯ್ತನ್ಲಾ ಶಿವಾ? ಒಂದ್ಸತಿ ಕಳ್ಕಂಡಿವ್ನಿ. ಇನ್ನೊಂದ್ಸತಿ ನನ್ ಕೈಲಾಗಕಿಲ್ಲ.’

ಯಜಮಾನರ ಕೈ ಮೇಲೆದ್ದದ್ದು ಹಾಗೇ ನಿಂತಿತು. ಅಷ್ಟರಲ್ಲಿ ಅವನು ತನ್ನ ಅಂಗೈಯಲ್ಲಿದ್ದ ಹುಳುವನ್ನು ನೋಡಿ, ಬೆಚ್ಚಿ ಕೆಳಗೆ ಒದರಿದ. ಮತ್ತೆ ಅದೇ ಅಸಹ್ಯದ ಮುಖ. ಸುತ್ತ ನೋಡಿ, ಕುಡುಗೋಲು ನೋಡಿ, ‘ಏನಾಯ್ತು? ನಾನೇನ್ ಮಾಡ್ದೆ?’ ಅಂದ. ಅವನು ಎದ್ದು ಬರಿಗಾಲಲ್ಲೇ ತೋಟದ ಸಾಲುಗಳ ನಡುವೆ ಓಡಿದ. ಯಜಮಾನರು ಅಲ್ಲೇ ಕುಸಿದು ಕೂತು ಲೋಕಿ ಸತ್ತ ಮೇಲೆ ಮೊದಲನೇ ಸಲ ಗಟ್ಟಿಯಾಗಿ ಅತ್ತರು. ನಾನೂ ಅತ್ತೆಯೂ ಉಳಿದ ಹುಳು ಆರಿಸಿದೆವು. ಹುಳು ಕಾಯುವುದಿಲ್ಲ ನೋಡಿ.

ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಹುಳುಮನೆಯಲ್ಲಿ ಸತ್ತವನು ಸಾಕ್ಷಿ ಹೇಳಿದ ಎಂದು ಯಾವ ಬಾಯಿಂದ ಹೇಳುವುದು? ಅದೂ ಅಲ್ಲದೆ ಆ ಮನುಷ್ಯ ನಮ್ಮ ಮನೆಗೆ ಯಾಕೆ ಬಂದಿದ್ದ ಎಂದು ಕೇಳಿದರೆ ಜೈಲಿಗೆ ಹೋಗುತ್ತಿದ್ದವರು ನಮ್ಮ ಯಜಮಾನರು. ಬಾಯಿ ಮುಚ್ಚಿಕೊಂಡು ಕೂತೆವು. ಪುಟ್ಟರಾಜುವಿನ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಮುಂದಿನ ಬೆಳೆ ಹಣ್ಣಾದ ದಿನ ಅವನು ಬಂದ. ಯಾರೂ ಹೇಳಿ ಕಳಿಸಿರಲಿಲ್ಲ. ಅಂಗಳದಾಚೆ ಬೇಲಿಯ ಹತ್ತಿರ ನಿಂತಿದ್ದ. ಗಡ್ಡ ಬಿಟ್ಟು ಸೊರಗಿದ್ದ. ನಾನೇ ಹೋಗಿ ಕೇಳಿದೆ, ಯಾವ ಧೈರ್ಯದ ಮೇಲೆ ಬಂದೆ ಎಂದು.

‘ಬರ್ಬೇಕು ಅಂತ ಬಂದಿಲ್ಲ ಕಣಕ್ಕ’ ಅಂದ. ‘ಕನಕಪುರದಲ್ಲಿ ಟೀ ಕುಡೀತಾ ನಿಂತಿದ್ದೆ. ಕಾಲು ಹಂಗೇ ಬಸ್ ಹತ್ತುಸ್ತು. ಇದ್ನ ಹೆಂಗಾರ ಮಾಡಿ ಬುಡ್ಸಿ.’

‘ನಮ್ಮ ಲೋಕಿನ ಹೊಡ್ದೋನು ನೀನೇನಾ?’

ತಲೆ ತಗ್ಗಿಸಿದ. ‘ಹೆಸ್ರು ಗೊತ್ತಿರ್ನಿಲ್ಲ ಕಣಕ್ಕ’ ಅಂದ.

ಉಗಿದೆ. ನಿಜವಾಗಿ ಅವನ ಮುಖಕ್ಕೆ ಉಗಿದೆ. ಹಿಂದಿನಿಂದ ಅತ್ತೆಯ ದನಿ ಬಂತು, ‘ಕಾಲ್ ತೊಳ್ಕಂಡು ಒಳೀಕ್ ಬರಾಕ್ಯೋಳು.’

ಹಾಗೆ ಕೆಲವು ಬೆಳೆ ನಡೆಯಿತು. ಅವನು ಬರುತ್ತಿದ್ದ, ಹುಳು ಮುಟ್ಟುತ್ತಿದ್ದ, ಸ್ವಲ್ಪ ಹೊತ್ತಿಗೆ ಕೈ ಚುರುಕಾಗುತ್ತಿತ್ತು. ಅತ್ತೆ ಅವನ ಜೊತೆ ಮಾತಾಡುತ್ತಾ ಕೂರುತ್ತಿದ್ದರು. ಸ್ವರ್ಗ ನರಕದ ಮಾತಲ್ಲ. ಹಸು ಕರು ಹಾಕಿದ್ದು, ಬೋರ್‌ವೆಲ್ ಮೋಟಾರು ಸುಟ್ಟದ್ದು, ತಮ್ಮ ಮಂಡಿ ನೋವು. ಯಜಮಾನರು ಆ ದಿನ ಚಂದ್ರಿಕೆಯೆಲ್ಲ ಹೊತ್ತು ಹಾಕಿ ಎಲ್ಲಿಗೋ ಹೊರಟುಬಿಡುತ್ತಿದ್ದರು, ಅವನು ಹೋದ ಮೇಲೆಯೇ ಬರುತ್ತಿದ್ದರು. ‘ನಾನು ಇದ್ರೆ ಕೊಂದ್ಬುಡ್ತೀನಿ’ ಅನ್ನುತ್ತಿದ್ದರು. ಅವನಿಗೆ ಮುದ್ದೆ ಬಡಿಸುವಾಗ ನನ್ನ ಕೈ ಉರಿಯುತ್ತಿತ್ತು. ಯಾವ ಕೈ ಲೋಕಿಯನ್ನು ಹೊಡೆದಿತ್ತೋ ಅದೇ ಕೈ ನಮ್ಮ ತಟ್ಟೆಗೆ ಬರುತ್ತಿತ್ತು. ಅಷ್ಟಾದರೂ ಬೆಳೆ ಹಣ್ಣಾಗುವ ದಿನ ಹತ್ತಿರ ಬಂದರೆ ನಾನೂ ದಾರಿ ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಕನಕಪುರದಲ್ಲಿ ಮೇಷ್ಟ್ರಾಗಿರುವ ನನ್ನ ತಮ್ಮನಿಗೆ ಮಾತ್ರ ಹೇಳಿದ್ದೆ. ಪಾಪದ ಭಾರ ತಲೆಗೇರಿದರೆ ಮನುಷ್ಯರು ಹಾಗೆ ಆಡುತ್ತಾರೆ ಅಕ್ಕ, ಅದೊಂದು ಕಾಯಿಲೆ ಅಂದ. ಇರಬಹುದು, ಬೇಡ ಅನ್ನುವುದಿಲ್ಲ. ಆದರೆ ನನಗಿಟ್ಟ ಹೆಸರನ್ನು ಆ ಕಾಯಿಲೆಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಅವನು ಬೇರೆ ಮಾತು ತೆಗೆದ.

ಅತ್ತೆ ತೀರಿಕೊಂಡದ್ದು ಒಂದು ಬೆಳಿಗ್ಗೆ. ಜ್ವರ ಬಂದು ಮಲಗಿದ್ದವರು ಕಾಫಿ ಕೇಳಿ, ತರುವಷ್ಟರಲ್ಲಿ ಹೋಗಿದ್ದರು. ಆಗ ಹುಳುಮನೆ ಖಾಲಿ, ಹೊಸ ಬೆಳೆಗೆ ಇನ್ನೂ ದಿನವಿತ್ತು. ಮಣ್ಣು ಮಾಡುವುದು ನಮ್ಮ ತೋಟದಲ್ಲೇ. ಬಿಸಿಲು ಇಳಿಯುವ ಹೊತ್ತಿಗೆ ಊರಿನವರು, ನೆಂಟರು ಸೇರಿದ್ದರು. ದಾಯಾದಿಗಳು ಸಾವಿಗೆ ಬಾರದೆ ಇರುವ ಹಾಗಿಲ್ಲವಲ್ಲ, ಪುಟ್ಟರಾಜು ಕೂಡ ಬಂದು ಹಿಂದೆ ನಿಂತಿದ್ದ.

ನಮ್ಮಲ್ಲಿ ತಂದೆಗೆ ಹಿರಿಯ ಮಗ, ತಾಯಿಗೆ ಕಿರಿಯ ಮಗ ಮೊದಲ ಹಿಡಿ ಮಣ್ಣು ಹಾಕಬೇಕು. ಕಿರಿಯವನು ಇಲ್ಲದ್ದರಿಂದ ಯಜಮಾನರೇ ತಲೆ ಬೋಳಿಸಿಕೊಂಡು ಗುಂಡಿಯ ಪಕ್ಕದಲ್ಲಿ ನಿಂತಿದ್ದರು. ಮಣ್ಣಿಗೆ ಬಗ್ಗಬೇಕು, ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಅವನು ಬರುತ್ತಿದ್ದ. ಒದ್ದೆ ಪಂಚೆ, ಬರಿಮೈ. ತಲೆ ನುಣ್ಣಗೆ ಬೋಳಿಸಿ, ಮೀಸೆ ತೆಗೆಸಿದ್ದ. ಕ್ಷೌರದ ಕತ್ತಿ ತಾಗಿದ ಕಡೆ ರಕ್ತ ಇನ್ನೂ ಒಣಗಿರಲಿಲ್ಲ. ಅವನ ಫೋನ್ ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅವನು ಎಲ್ಲಿರುತ್ತಾನೆ ಎಂದೂ ಗೊತ್ತಿರಲಿಲ್ಲ.

ಪುಟ್ಟರಾಜು ಅವನನ್ನು ನೋಡಿದ್ದನ್ನು ನಾನು ನೋಡಿದೆ. ನೋಡಿದ ಪುಟ್ಟರಾಜು ಯಾರಿಗೂ ಹೇಳದೆ ಸಾಲುಗಳ ನಡುವೆ ಹಿಂದಕ್ಕೆ ಹಿಂದಕ್ಕೆ ಸರಿದು ಹೋಗಿಬಿಟ್ಟ.

‘ಯಾರಪ್ಪ ಇವ್ನು?’ ಎಂದು ಊರಿನ ಹಿರಿಯರೊಬ್ಬರು ಕೇಳಿದರು.

ನಾನು ಯಜಮಾನರ ಕೈಯನ್ನೇ ನೋಡುತ್ತಿದ್ದೆ. ಪಕ್ಕದಲ್ಲೇ ಗುಂಡಿ ತೋಡಿದ ಗುದ್ದಲಿ, ಹಾರೆ ಬಿದ್ದಿದ್ದವು. ತಡೆಯಲು ಈಗ ನಡುವೆ ನಿಲ್ಲುವ ತಾಯಿ ಇರಲಿಲ್ಲ. ಅವನೂ ಓಡುವವನ ಹಾಗೆ ಕಾಣಲಿಲ್ಲ, ಕೈಕಟ್ಟಿ ನಿಂತಿದ್ದ. ಯಜಮಾನರು ಬಹಳ ಹೊತ್ತು ಅವನ ಮುಖ ನೋಡಿದರು.

‘ನಮ್ ಲೋಕಿ ಕಡೆಯೋನು’ ಅಂದರು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಅವನು ಬಗ್ಗಿ, ಎಡಗೈಯಿಂದ ಮೊದಲ ಹಿಡಿ ಮಣ್ಣು ಹಾಕಿದ. ಎಡಗೈ ಬೇಡ ಎಂದು ಯಾರೋ ಅಂದರು, ಯಜಮಾನರು ಅವರ ತೋಳು ಹಿಡಿದು ಸುಮ್ಮನಾಗಿಸಿದರು. ಅವನು ಯಾರ ಹತ್ತಿರವೂ ಮಾತಾಡದೆ ಬಂದ ದಾರಿಯಲ್ಲೇ ಹೋದ. ಅದಾದ ಮೇಲೆ ಎಷ್ಟೋ ಬೆಳೆ ಆಗಿವೆ, ಅವನು ಬಂದಿಲ್ಲ.

ಅವತ್ತು ಎಲ್ಲರೂ ಹೋದ ಮೇಲೆ, ಅವನಿಗೆ ಯಾಕೆ ಬಿಟ್ಟುಕೊಟ್ಟಿರಿ ಎಂದು ಯಜಮಾನರನ್ನು ಕೇಳಿದೆ. ಕೇಳುವಾಗ ನನಗೆ ಸಿಟ್ಟೂ ಇತ್ತು.

‘ಬಂದಿದ್ದೋನು ಅವ್ನೋ, ನಮ್ಮೋನೋ, ನಂಗ್ ಗೊತ್ತಾಗ್ನಿಲ್ಲ ಕಣೆ’ ಅಂದರು. ‘ಅವ್ನೇ ಆಗಿದ್ರೆ, ಅವ್ವಂಗೆ ಒಂದ್ ಹಿಡಿ ಮಣ್ಣು ಅನ್ಯಾಯವಾಗಿ ಬಿತ್ತು. ನಮ್ಮೋನಾಗಿದ್ದು ನಾನು ತಡ್ದಿದ್ರೆ?’